ಮ್ಯಾಕ್ಸ್‌ಎಂಟ್ ಹಿಡಿದು ಪಾತರಗಿತ್ತಿಯ ನೆಲೆ ಹುಡುಕಿದ್ದು: ಗದಗಿನಿಂದ ಒಂದು ರಿವ್ಯೂ

ಯಾವ ಜೀವಿ ಎಲ್ಲಿ ಬದುಕಬಹುದು ಅಂತ ಲೆಕ್ಕ ಹಾಕುವ ಮ್ಯಾಕ್ಸ್‌ಎಂಟ್ ತಂತ್ರಾಂಶ ನನಗೆ ಕೊಟ್ಟ ಮೊದಲ ನಕ್ಷೆಯಲ್ಲಿ ಧಾರವಾಡ ಊರಿಗೆ ಊರೇ ಕೆಂಪಗಿತ್ತು. ಸಾಧನಕೇರಿ ಕೆಂಪು, ವಿಶ್ವವಿದ್ಯಾಲಯದ ಗುಡ್ಡ ಕೆಂಪು, ಅಲ್ಲಿಂದ ಹುಬ್ಬಳ್ಳಿ ರಸ್ತೆಗುಂಟ ಒಂದು ಕಿತ್ತಳೆ ಗೆರೆ. ಗದಗಿನ ಕಡೆ ಬಂದರೆ ಹಸಿರು, ಕಪ್ಪತಗುಡ್ಡದ ಸುತ್ತ ಬರೀ ನೀಲಿ. ಈ ತಂತ್ರಾಂಶದಲ್ಲಿ ಕೆಂಪು ಅಂದರೆ ಆ ಜೀವಿ ಬದುಕೋಕೆ ಜಾಗ ಚೆನ್ನಾಗಿದೆ ಅಂತ, ನೀಲಿ ಅಂದರೆ ಇಲ್ಲ ಅಂತ. ನಾನು ಹುಡುಕುತ್ತಿದ್ದದ್ದು ಕ್ರಿಮ್ಸನ್ ರೋಸ್ ಚಿಟ್ಟೆಯ ನೆಲೆ. ಡಂಬಳದ ಹತ್ತಿರ ಎರೆ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ ಬದುವಿನಲ್ಲಿ ಅದು ಮೊಟ್ಟೆ ಇಡುವುದನ್ನು ನಾನೇ ಕಣ್ಣಾರೆ ನೋಡಿದ್ದೆ. ಆ ಬದು ನಕ್ಷೆಯಲ್ಲಿ ನೀಲಿಯಾಗಿತ್ತು! ಯಾಕೆ ಹೀಗಾಯಿತು ಅಂತ ತಿಳಿಯೋಕೆ ಎರಡು ಮಳೆಗಾಲ ಹಿಡಿಯಿತು. ಇದನ್ನು ಹೊಸದಾಗಿ ಬಳಸುವವರಿಗೆ ಅಷ್ಟು ದಿನ ಹಿಡಿಯಬಾರದು ಅಂತ ಈ ರಿವ್ಯೂ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಕಂಪ್ಯೂಟರ್ ಓದಿದವನಲ್ಲ. ಹಾಗಾಗಿ ಇದು ನಮ್ಮಂಥವರಿಗಾಗಿ ಬರೆದದ್ದು, ಅಂದರೆ ಕೈಯಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪ್, ಭಾನುವಾರ ಒಂದಿಷ್ಟು ಬಿಡುವು ಮತ್ತು ಚಿಟ್ಟೆಗಳ ಮೇಲೆ ಪ್ರೀತಿ ಇರುವವರಿಗೆ.

ಮೊದಲು ತಂತ್ರಾಂಶದ ಬಗ್ಗೆ. ಇದರ ವಿಧಾನವನ್ನು ಸ್ಟೀವನ್ ಫಿಲಿಪ್ಸ್, ರಾಬರ್ಟ್ ಆಂಡರ್ಸನ್, ರಾಬರ್ಟ್ ಶಾಪೈರ್ ಅನ್ನುವ ಮೂವರು ಸೇರಿ ರೂಪಿಸಿದ್ದು. ಈ ವಿಧಾನದ ಬಗ್ಗೆ ಅವರು ಬರೆದ ಮುಖ್ಯ ಪ್ರಬಂಧ 2006ರಲ್ಲಿ ಬಂತು. ಈಗ ಇದು ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಜಾಲತಾಣದಲ್ಲಿ ಫ್ರೀಯಾಗಿ ಸಿಗುತ್ತದೆ, ಒಳಗಿನ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಇದು ಮಾಡುವ ಕೆಲಸ ಇಷ್ಟೇ: ಚಿಟ್ಟೆ ಕಂಡ ಜಾಗಗಳ ಪಟ್ಟಿ ಕೊಡಬೇಕು, ಆ ಸೀಮೆಯ ಮಳೆ, ಬಿಸಿಲು, ಎತ್ತರ, ಮಣ್ಣು, ಹಸಿರು ಇವುಗಳ ನಕ್ಷೆ ಕೊಡಬೇಕು. ಚಿಟ್ಟೆ ಕಂಡ ಜಾಗ ಉಳಿದ ಜಾಗಕ್ಕಿಂತ ಹೇಗೆ ಬೇರೆ ಅಂತ ಅದು ಲೆಕ್ಕ ಹಾಕಿ, ಪ್ರತಿ ಚೌಕಕ್ಕೂ 0ರಿಂದ 1ರ ನಡುವೆ ಒಂದು ಅಂಕ ಕೊಡುತ್ತದೆ. ಗೊತ್ತಿರುವುದಕ್ಕೆ ವಿರುದ್ಧ ಹೋಗುವುದಿಲ್ಲ, ಗೊತ್ತಿಲ್ಲದ್ದನ್ನು ತಾನಾಗಿ ಸೇರಿಸುವುದೂ ಇಲ್ಲ. ಮ್ಯಾಕ್ಸ್‌ಎಂಟ್ ಅಂದರೆ ಮ್ಯಾಕ್ಸಿಮಮ್ ಎಂಟ್ರೊಪಿ, ಆ ಹೆಸರಿನ ತಿರುಳು ಅದೇ.

ಇದರ ದೊಡ್ಡ ಅನುಕೂಲ ಏನಂದರೆ, ಚಿಟ್ಟೆ ಇಲ್ಲದ ಜಾಗದ ದಾಖಲೆ ಬೇಕಾಗಿಲ್ಲ. ಇಲ್ಲ ಅಂತ ಹೇಳುವುದು ಎಷ್ಟು ಕಷ್ಟ ಅಲ್ವಾ? ಇವತ್ತು ಕಾಣಲಿಲ್ಲ ಅಂದರೆ ನಾಳೆ ಬರುವುದಿಲ್ಲ ಅಂತ ಯಾರು ಹೇಳಬೇಕು? ಮ್ಯಾಕ್ಸ್‌ಎಂಟ್ ಕಂಡ ಜಾಗ ಮಾತ್ರ ಕೇಳುತ್ತದೆ. ಅಪರೂಪದ ಜೀವಿಗಳ ಕೆಲಸಕ್ಕೆ ಪ್ರಪಂಚದ ತುಂಬ ಜನ ಇದನ್ನು ಬಳಸುವುದಕ್ಕೆ ಇದೂ ಒಂದು ಕಾರಣ. ಜಾಗಗಳು 10ಕ್ಕಿಂತ ಕಡಿಮೆ ಇದ್ದರೆ ತೀರ ಸರಳ ಲೆಕ್ಕ ಮಾತ್ರ ಹಾಕುತ್ತದೆ, 80 ದಾಟಿದ ಮೇಲೆ ಇನ್ನೂ ಹೆಚ್ಚು ಬಗೆಯ ಲೆಕ್ಕ ಬಳಸುತ್ತದೆ. ಕೈಯಲ್ಲಿ ಇರುವಷ್ಟಕ್ಕೆ ತಕ್ಕಂತೆ ನಡೆಯುವ ಈ ಗುಣ ನನಗೆ ತುಂಬ ಹಿಡಿಸಿತು.

ಶುರು ಮಾಡುವಾಗ ಸ್ವಲ್ಪ ತ್ರಾಸು ಇದೆ, ಅದನ್ನೂ ಹೇಳಬೇಕು. ಲ್ಯಾಪ್‌ಟಾಪಿನಲ್ಲಿ ಜಾವಾ ಅನ್ನುವ ತಂತ್ರಾಂಶ ಇರಬೇಕು. ಮ್ಯಾಕ್ಸ್‌ಎಂಟ್ ಶುರು ಮಾಡೋಕೆ ಜೊತೆಗೆ ಬರುವ ಬ್ಯಾಟ್ ಫೈಲಿನಲ್ಲಿ ಮೆಮೊರಿ 512 ಅಂತ ಬರೆದಿರುತ್ತದೆ. ಮೂರು ಜಿಲ್ಲೆಯ ನಕ್ಷೆ ಹಾಕಿದರೆ ಅದು ಸಾಲುವುದಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದು ಆ ಅಂಕಿಯನ್ನು ಜಾಸ್ತಿ ಮಾಡಿ ಉಳಿಸಿಕೊಳ್ಳಿ. ಆಮೇಲೆ ನಕ್ಷೆಯ ಪದರಗಳು, ಅಂದರೆ ಮಳೆ, ಎತ್ತರ, ಮಣ್ಣು ಒಂದೊಂದಕ್ಕೂ ಒಂದೊಂದು ನಕ್ಷೆ. ಎಲ್ಲವೂ ಎಎಸ್‌ಸಿ ಫೈಲಿನಲ್ಲಿ ಇರಬೇಕು, ಎಲ್ಲದರ ಅಳತೆ ಒಂದೇ ಇರಬೇಕು. ಒಂದೇ ಅಂದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುವಂತಿಲ್ಲ. ಆ ಫೈಲಿನ ಮೊದಲ ಆರು ಸಾಲು ತೆರೆದು ನೋಡಿ: ಎಷ್ಟು ಕಂಬಸಾಲು, ಎಷ್ಟು ಅಡ್ಡಸಾಲು, ಎಡಗಡೆ ಕೆಳಗಿನ ಮೂಲೆ ಎಲ್ಲಿ, ಚೌಕದ ಅಳತೆ ಎಷ್ಟು, ಮಾಹಿತಿ ಇಲ್ಲದ ಚೌಕಕ್ಕೆ ಯಾವ ಅಂಕಿ. ನನ್ನ ಎರಡು ಪದರಗಳಲ್ಲಿ ಚೌಕದ ಅಳತೆ ದಶಾಂಶದ ಹತ್ತನೇ ಸ್ಥಾನದಲ್ಲಿ ಬೇರೆ ಇತ್ತು. ಪದರಗಳ ಅಳತೆ ಹೊಂದುತ್ತಿಲ್ಲ ಅಂತ ಮೆಸೇಜ್ ಬಂತು, ಕೆಲಸ ನಿಂತಿತು. ಮೂರು ಸಂಜೆ ಅದರಲ್ಲೇ ಹೋದವು. ಕೊನೆಗೆ ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಒಂದು ಪದರವನ್ನು ತಾಯಿ ಪದರ ಅಂತ ಇಟ್ಟುಕೊಂಡು ಉಳಿದ ಎಲ್ಲವನ್ನೂ ಅದರ ಅಳತೆಗೇ ಕತ್ತರಿಸಿದೆ. ಮೊದಲ ದಿನವೇ ಹೀಗೆ ಮಾಡಿ. ಕ್ಯೂಜಿಐಎಸ್ ಕೂಡ ಫ್ರೀ, ಮ್ಯಾಕ್ಸ್‌ಎಂಟ್ ಜೊತೆ ಅದು ಇರಲೇಬೇಕು.

ಇನ್ನೊಂದು. ಜಾಗಗಳ ಪಟ್ಟಿಯಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಗದಗು 75.6, 15.4. ಮೊಬೈಲಿನ ನಕ್ಷೆಯಿಂದ ನಕಲು ಮಾಡಿದರೆ ಅಕ್ಷಾಂಶ ಮುಂದೆ ಬರುತ್ತದೆ, ಹಾಗೇ ಹಾಕಿಬಿಟ್ಟರೆ ನಿಮ್ಮ ಡಂಬಳದ ಚಿಟ್ಟೆ ನಾರ್ವೆಗಿಂತಲೂ ಉತ್ತರದ ಸಮುದ್ರದಲ್ಲಿ ಹೋಗಿ ಕೂರುತ್ತದೆ.

ಈಗ ಆ ಕೆಂಪು ಧಾರವಾಡಕ್ಕೆ ಬರೋಣ. ತಪ್ಪು ತಂತ್ರಾಂಶದ್ದಲ್ಲ, ನಾನು ಕೊಟ್ಟ ಚುಕ್ಕೆಗಳದ್ದು, ಅಂದರೆ ಚಿಟ್ಟೆ ಕಂಡ ಜಾಗಗಳದ್ದು. ಜನ ಅಂತರ್ಜಾಲದಲ್ಲಿ ಹಂಚಿಕೊಂಡ ಫೋಟೋಗಳಿಂದ, ಗೆಳೆಯರ ಮೊಬೈಲುಗಳಿಂದ 58 ಜಾಗ ಕೂಡಿಸಿದ್ದೆ. ಫೋಟೋಗಳನ್ನು ಮತ್ತೆ ಒಂದೊಂದಾಗಿ ದೊಡ್ಡದು ಮಾಡಿ ನೋಡಿದಾಗ 9 ಫೋಟೋಗಳಲ್ಲಿ ಇದ್ದದ್ದು ಕ್ರಿಮ್ಸನ್ ರೋಸ್ ಅಲ್ಲವೇ ಅಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಈ ಚಿಟ್ಟೆಯ ಕತೆಯೇ ಇಲ್ಲಿದೆ. ಕ್ರಿಮ್ಸನ್ ರೋಸ್ ಅಂಗೈ ಅಗಲದ ಕಪ್ಪು ಚಿಟ್ಟೆ. ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನ ರೆಕ್ಕೆಯಲ್ಲಿ ಕುಂಕುಮದ ಬೊಟ್ಟು ಇಟ್ಟಂಥ ಕೆಂಪು ಚುಕ್ಕೆಗಳು, ತಲೆ ಮತ್ತು ಹೊಟ್ಟೆ ಕೂಡ ಕೆಂಪು. ಇದರ ಮರಿಹುಳು ತಿನ್ನುವುದು ಅರಿಸ್ಟೊಲೋಕಿಯಾ ಜಾತಿಯ ಗಿಡಗಳನ್ನು ಮಾತ್ರ. ಆ ಗಿಡಗಳಲ್ಲಿ ವಿಷ ಇದೆ. ಹುಳು ಅದನ್ನು ತಿಂದು ಮೈಯಲ್ಲಿ ಉಳಿಸಿಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಆ ವಿಷ ಮೈಯಲ್ಲಿರುತ್ತದೆ. ಹಾಗಾಗಿ ಹಕ್ಕಿಗಳು ಇದರ ತಂಟೆಗೆ ಬರುವುದಿಲ್ಲ. ಇದನ್ನೇ ಕಾಮನ್ ಮಾರ್ಮನ್ ಅನ್ನುವ ಇನ್ನೊಂದು ಚಿಟ್ಟೆ ಲಾಭ ಮಾಡಿಕೊಂಡಿದೆ. ಅದರ ಕೆಲವು ಹೆಣ್ಣುಗಳು ಥೇಟ್ ಕ್ರಿಮ್ಸನ್ ರೋಸ್ ವೇಷದಲ್ಲೇ ಇರುತ್ತವೆ. ರೆಕ್ಕೆ ನೋಡಿದರೆ ಯಾರಾದರೂ ಮೋಸ ಹೋಗಬೇಕು. ಮೈ ನೋಡಬೇಕು. ಮೈ ಕೆಂಪಿದ್ದರೆ ಕ್ರಿಮ್ಸನ್ ರೋಸ್, ಕಪ್ಪಿದ್ದರೆ ಮಾರ್ಮನ್. ಈ ಮಾರ್ಮನ್ನಿನ ಮರಿಹುಳು ಎಲ್ಲಿ ಬೆಳೆಯುತ್ತದೆ ಗೊತ್ತಾ? ನಿಂಬೆ ಗಿಡದಲ್ಲಿ, ಕರಿಬೇವಿನಲ್ಲಿ. ಧಾರವಾಡದಲ್ಲಿ ಕರಿಬೇವಿಲ್ಲದ ಹಿತ್ತಲು ಎಷ್ಟಿವೆ ಹೇಳಿ! ನನ್ನ ನಕ್ಷೆ ಅಷ್ಟು ಕೆಂಪಾಗುವುದಕ್ಕೆ ಈ ಹಿತ್ತಲುಗಳ ಪಾಲೂ ಇತ್ತು.

ಇನ್ನು 11 ಜಾಗಗಳ ಕತೆ ಬೇರೆ. ಜನ ತಾವು ಕಂಡ ಜೀವಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಕಾಪಾಡಬೇಕಾದ ಜೀವಿಗಳ ಸರಿಯಾದ ಜಾಗವನ್ನು ಎಲ್ಲರಿಗೂ ತೋರಿಸುವುದಿಲ್ಲ, ಫೋಟೋ ಹಾಕಿದವರು ಬೇಕೆಂದರೂ ಮುಚ್ಚಿಡಬಹುದು. ಆಗ ಚುಕ್ಕೆಯನ್ನು 0.2 ಡಿಗ್ರಿಯ ಚೌಕದೊಳಗೆ ಎಲ್ಲಾದರೂ ಇಟ್ಟಿರುತ್ತಾರೆ. 0.2 ಡಿಗ್ರಿ ಅಂದರೆ ಸುಮಾರು 22 ಕಿಲೋಮೀಟರ್. ಮುಂಡರಗಿ ಕಡೆ ತೆಗೆದ ಫೋಟೋ ನಕ್ಷೆಯಲ್ಲಿ ಎಲ್ಲೋ ಡಾಂಬರು ರಸ್ತೆಯ ಮೇಲೆ ಕೂತಿರಬಹುದು. ಈ ವ್ಯವಸ್ಥೆ ಒಳ್ಳೆಯದೇ, ಚಿಟ್ಟೆ ಹಿಡಿದು ಮಾರುವವರ ಕೈಗೆ ಜಾಗ ಸಿಗಬಾರದು. ಆದರೆ ಅಂಥ ಚುಕ್ಕೆ ಗುರುತಿಸಿ ತೆಗೆದುಹಾಕುವುದು ನಮ್ಮ ಕೆಲಸ. ನಾನು ಅದನ್ನು ಮಾಡಿರಲಿಲ್ಲ.

ಉಳಿದದ್ದು 38. ಅದರಲ್ಲೂ ಮುಕ್ಕಾಲು ಪಾಲು ರಸ್ತೆ ಪಕ್ಕದವು. ಕ್ಯಾಮೆರಾ ಇರುವ ಜನ ಎಲ್ಲಿ ಓಡಾಡುತ್ತಾರೋ ಅಲ್ಲೇ ಚುಕ್ಕೆ. ತಂತ್ರಾಂಶಕ್ಕೆ ಇದು ಹೇಗೆ ಗೊತ್ತಾಗಬೇಕು? ಚಿಟ್ಟೆಗೆ ರಸ್ತೆ ಇಷ್ಟ ಅಂತಲೇ ಅದು ತಿಳಿಯಿತು. ಬಯಾಸ್ ಫೈಲ್ ಅಂತ ಒಂದು ಕೊಟ್ಟು, ಜನ ಜಾಸ್ತಿ ಓಡಾಡುವ ಜಾಗ ಯಾವುದು ಅಂತ ಅದಕ್ಕೆ ಮೊದಲೇ ಹೇಳಬಹುದು. ಈ ಸೌಲಭ್ಯ ಇರುವುದು ಗೊತ್ತಿಲ್ಲದೆ ಬಳಸಿದರೆ ಬರುವುದು ಚಿಟ್ಟೆಯ ನಕ್ಷೆ ಅಲ್ಲ, ಫೋಟೋ ತೆಗೆಯುವವರ ನಕ್ಷೆ.

ಹವಾಮಾನದ ಪದರಗಳ ಬಗ್ಗೆ ಒಂದು ಮಾತು. ಎಲ್ಲರೂ ವರ್ಲ್ಡ್‌ಕ್ಲಿಮ್ ಅನ್ನುವ ಹವಾಮಾನ ನಕ್ಷೆಗಳ ಸಂಗ್ರಹದಿಂದ ಶುರು ಮಾಡುತ್ತಾರೆ. ಮಳೆ, ಉಷ್ಣಾಂಶದ 19 ಪದರಗಳು, 1970ರಿಂದ 2000ದವರೆಗಿನ ಸರಾಸರಿ, ಚೌಕ ಸುಮಾರು ಒಂದು ಕಿಲೋಮೀಟರ್. ಇಡೀ ಪಶ್ಚಿಮ ಘಟ್ಟಕ್ಕೆ ಇದು ಸಾಕು. ಕಪ್ಪತಗುಡ್ಡಕ್ಕೆ? 2019ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದ್ದು 244 ಚದರ ಕಿಲೋಮೀಟರ್. ಅಷ್ಟಕ್ಕೂ ಸೇರಿ ಮುನ್ನೂರರ ಆಸುಪಾಸು ಚೌಕ ಬರುತ್ತದೆ. ಡೋಣಿ ಊರಿಗೂ ಡಂಬಳಕ್ಕೂ ಅದರಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಅಲ್ಲಿ ನಡೆದು ನೋಡಿ, ಹತ್ತು ಹೆಜ್ಜೆಯಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣು ಮುಗಿದು ಎರೆ ಶುರುವಾಗುತ್ತದೆ, ಗಿಡಗಳೇ ಬದಲಾಗುತ್ತವೆ.

ಹಾಗಾಗಿ ಎರಡನೇ ಸಲ ಎಲ್ಲವನ್ನೂ ಬದಲಿಸಿದೆ. ಚೌಕ 30 ಮೀಟರ್. ಎತ್ತರ ಮತ್ತು ಇಳಿಜಾರು ಎಸ್‌ಆರ್‌ಟಿಎಂ ಅನ್ನುವ ಎತ್ತರದ ನಕ್ಷೆಯಿಂದ, ಹಳ್ಳದಿಂದ ಎಷ್ಟು ದೂರ ಅನ್ನುವುದನ್ನು ಅದರಿಂದಲೇ ಲೆಕ್ಕ ಹಾಕಿದೆ. ಮಣ್ಣಿನ ನಕ್ಷೆ ಒಂದು. ಹಸಿರಿಗೆ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು. ಇದರಲ್ಲಿ ಒಂದು ಉಪಾಯ ಮಾಡಬೇಕಾಯಿತು. ಅಕ್ಟೋಬರಿನ ಹಸಿರು ಮಾತ್ರ ಕೊಟ್ಟರೆ ನೀಲಗಿರಿ ತೋಪೂ ಹಸಿರೇ, ಕಡಲೆ ಹೊಲವೂ ಹಸಿರೇ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಕಡೆ ನೋಡಿದವರಿಗೆ ಗೊತ್ತು, ನೀಲಗಿರಿ ಎಷ್ಟು ದೂರ ಹಬ್ಬಿದೆ ಅಂತ. ಅದಕ್ಕೆ ಅಕ್ಟೋಬರಿನ ಹಸಿರಿನಿಂದ ಏಪ್ರಿಲ್ ಹಸಿರನ್ನು ಕಳೆದು ಒಂದು ಪದರ ಮಾಡಿದೆ. ಏಪ್ರಿಲ್‌ನಲ್ಲಿ ಎರೆ ಹೊಲ ಬಿರುಕು ಬಿಟ್ಟು ಬೋಳಾಗಿರುತ್ತದೆ, ನೀಲಗಿರಿ ಆಗಲೂ ಹಸಿರಾಗಿರುತ್ತದೆ. ಎರಡೂ ಬೇರೆಯಾದವು. ಮಣ್ಣಿನ ಪದರ ಹಾಕುವಾಗ ಅದನ್ನು ಕೆಟಗೊರಿಕಲ್ ಅಂತ ಗುರುತು ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎರೆಗೆ 1, ಮಸಾರಿಗೆ 2 ಅಂತ ಕೊಟ್ಟ ಗುರುತನ್ನು ತಂತ್ರಾಂಶ ಅಳತೆ ಅಂದುಕೊಂಡು, ಮಸಾರಿ ಎರೆಯ ಎರಡು ಪಟ್ಟು ಅನ್ನುವಂತೆ ಲೆಕ್ಕ ಮಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಚುಕ್ಕೆಗಳಲ್ಲಿ. ಹಾರುತ್ತಿದ್ದ ಚಿಟ್ಟೆಗಳನ್ನು ಪೂರ್ತಿ ಬಿಟ್ಟೆ. ಕ್ರಿಮ್ಸನ್ ರೋಸ್ ದೂರ ಹಾರುವ ಚಿಟ್ಟೆ, ದಕ್ಷಿಣ ಭಾರತದಲ್ಲಿ ಗುಂಪುಗುಂಪಾಗಿ ವಲಸೆ ಹೋಗುವುದೂ ಉಂಟು. ರಸ್ತೆ ಪಕ್ಕದ ಲಂಟಾನ ಹೂವಿನ ಮೇಲೆ ಅದು ಕಂಡರೆ ಅಲ್ಲಿ ಮಕರಂದ ಇದೆ ಅಂತ ಅಷ್ಟೇ. ಅದು ಹುಟ್ಟಿದ್ದು ಅಲ್ಲೇ ಅಂತ ಅಲ್ಲ. ಕಾಪಾಡಬೇಕಾದದ್ದು ಹುಟ್ಟುವ ಜಾಗ. ಅದಕ್ಕೆ ಮೊಟ್ಟೆ ಅಥವಾ ಮರಿಹುಳು ಕಂಡ ಜಾಗ ಮಾತ್ರ ಲೆಕ್ಕಕ್ಕೆ ಹಿಡಿದೆ. ಮುಂಗಾರು ಮುಗಿದು ಹಸ್ತ ಮಳೆ ಬರುವವರೆಗೆ ಭಾನುವಾರಗಳೆಲ್ಲ ಬದುಗುಂಟ ನಡೆದೆ. 23 ಜಾಗ ಸಿಕ್ಕವು.

ನಮ್ಮ ಎರೆ ನೆಲದಲ್ಲಿ ಆ ಗಿಡ ಅರಿಸ್ಟೊಲೋಕಿಯಾ ಬ್ರಾಕ್ಟಿಯೊಲೇಟಾ. ನೆಲಕ್ಕೆ ಹತ್ತಿಕೊಂಡೇ ಹಬ್ಬುತ್ತದೆ. ಬೂದು ಹಸಿರಿನ ಎಲೆ, ಹೃದಯದ ಆಕಾರ, ಅಂಚು ಅಲೆಅಲೆ, ಮುರಿದರೆ ಕೆಟ್ಟ ವಾಸನೆ. ಎಲೆ ಮಗುಚಿ ನೋಡಬೇಕು. ಮೊದಲ ಸಲ ಸಿಕ್ಕಾಗ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಒಂದು ಸಣ್ಣ ಮೊಟ್ಟೆ, ಪಕ್ಕದ ಎಲೆಯಲ್ಲಿ ಕಪ್ಪುಗೆಂಪು ಮೈಯ ಹುಳು, ಮೈತುಂಬ ಕಿತ್ತಳೆ ಗುಬುಟುಗಳು. ಅರ್ಧ ಎಲೆ ತಿಂದು ನಿಂತಿತ್ತು. ಮೈ ನಡುವೆ ಬಿಳಿ ಪಟ್ಟೆ ಇದ್ದರೆ ಅದು ಕಾಮನ್ ರೋಸ್, ಅದೂ ಇದೇ ಗಿಡ ತಿನ್ನುತ್ತದೆ. ಇದಕ್ಕೆ ಪಟ್ಟೆ ಇರಲಿಲ್ಲ. ಮಣ್ಣಿನಲ್ಲಿ ಮಂಡಿಯೂರಿ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಆ ಹೊಲದ ಯಜಮಾನರು ಬಂದು ನಿಂತರು.

"ಏನ್ ಹುಡುಕಾಕತ್ತೀರಿ ಮಾಸ್ತರ? ಅದಕ್ಕ ಆಡೂ ಬಾಯಿ ಹಾಕಂಗಿಲ್ಲ ನೋಡ್ರಿ."

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ, ಅಂಥ ಆಡೇ ಬಿಟ್ಟ ಗಿಡ ಇದು. ನಾನು ಹುಳು ತೋರಿಸಿದೆ. ಇದೇ ಕೆಂಪು ಹೊಟ್ಟೆಯ ಪಾತರಗಿತ್ತಿ ಆಗುತ್ತದೆ ಅಂದೆ.

"ಪಾತರಗಿತ್ತಿ ಖರೇ, ಆದ್ರ ಈ ಹುಳ ನಮ್ಮ ಹತ್ತಿಗೆ ಬಂದ್ರ?"

"ಬರಂಗಿಲ್ಲ ಕಾಕಾ. ಈ ಗಿಡ ಬಿಟ್ಟು ಬ್ಯಾರೆ ಏನೂ ತಿನ್ನಂಗಿಲ್ಲ ಇದು."

"ಬರಂಗಿಲ್ಲ ಅಂತ ಬರದು ಕೊಡ್ತೀರೇನು?"

ನನ್ನ ಹತ್ತಿರ ಇದ್ದದ್ದು ಆ ಹಳೆಯ ತಪ್ಪು ನಕ್ಷೆಯ ಪ್ರಿಂಟ್. ಅದರ ಹಿಂದೆ ಬರೆದು, ಸಹಿ ಹಾಕಿ ಕೊಟ್ಟೆ. ಕಾಕಾ ಅದನ್ನು ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. ಹಳ್ಳದ ಕಡೆಯ ಬದುವಿಗೆ ಆ ವರ್ಷ ಎಣ್ಣಿ, ಅಂದರೆ ಕಳೆನಾಶಕ ಹೊಡೆಸಲಿಲ್ಲ.

ಎರಡನೇ ನಕ್ಷೆ ಪೂರ್ತಿ ಬೇರೆ ಬಂತು. ಧಾರವಾಡ ನೀಲಿ. ಹಳ್ಳದ ಗುಂಟ ಇರುವ ಎರೆ ಹೊಲಗಳ ಉದ್ದಕ್ಕೂ ಕೆಂಪು ದಾರಗಳು, ಡಂಬಳದಿಂದ ಆಚೆ, ಲಕ್ಷ್ಮೇಶ್ವರದ ಕಡೆ, ನವಲಗುಂದದ ಕಡೆ. ಯಾವ ಪದರ ಎಷ್ಟು ಕೆಲಸ ಮಾಡಿತು ಅಂತ ತೋರಿಸುವ ಜಾಕ್‌ನೈಫ್ ಪರೀಕ್ಷೆ ಮ್ಯಾಕ್ಸ್‌ಎಂಟ್‌ನಲ್ಲೇ ಇದೆ, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಒಂದೊಂದು ಪದರ ತೆಗೆದು, ಒಂದೊಂದನ್ನೇ ಇಟ್ಟು ಲೆಕ್ಕ ಹಾಕಿ ಪಟ್ಟಿ ಎಳೆದು ತೋರಿಸುತ್ತದೆ. ನನ್ನ ನಕ್ಷೆಯಲ್ಲಿ ಮಣ್ಣೂ ಅಕ್ಟೋಬರ್-ಏಪ್ರಿಲ್ ವ್ಯತ್ಯಾಸವೂ ಎಲ್ಲಕ್ಕಿಂತ ಮುಂದೆ ಇದ್ದವು.

ನಕ್ಷೆ ಎಷ್ಟು ಚೆನ್ನಾಗಿದೆ ಅಂತ ಹೇಳೋಕೆ ತಂತ್ರಾಂಶ ಕೊಡುವ ಎಯುಸಿ ಅನ್ನುವ ಅಂಕಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. 0.5 ಅಂದರೆ ಸುಮ್ನೆ ಊಹೆ, 1 ಅಂದರೆ ಪಕ್ಕಾ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನನ್ನ ತಪ್ಪು ನಕ್ಷೆಗೆ ಬಂದದ್ದು 0.93, ಸರಿಯಾದ ನಕ್ಷೆಗೆ 0.84! ಚುಕ್ಕೆಗಳೆಲ್ಲ ಒಂದೇ ಊರಲ್ಲಿ ಗುಂಪಾಗಿದ್ದರೆ ಆ ಊರನ್ನು ಉಳಿದ ಸೀಮೆಯಿಂದ ಬೇರೆ ಮಾಡುವುದು ಸುಲಭ, ಅದಕ್ಕೇ ಅಂಕ ಜಾಸ್ತಿ. ಅಂಕ ನೋಡಿ ಖುಷಿಪಟ್ಟು ಅಲ್ಲೇ ನಿಂತಿದ್ದರೆ ಧಾರವಾಡದ ಕರಿಬೇವನ್ನು ಕಾಪಾಡಿ ಅಂತ ಹೇಳಿಕೊಂಡು ತಿರುಗುತ್ತಿದ್ದೆ.

ನಕ್ಷೆ ಹಿಡಿದು ಮತ್ತೆ ಹೊರಟೆ. ಕೆಂಪು ಬಂದ 20 ಜಾಗ, ನೀಲಿ ಬಂದ 10 ಜಾಗ. ಕೆಂಪಿನ 9 ಜಾಗಗಳಲ್ಲಿ ಹುಳು ಸಿಕ್ಕಿತು, ಅಷ್ಟರಲ್ಲಿ ಒಂದಕ್ಕೂ ನಾನು ಹಿಂದೆ ಹೋದವನಲ್ಲ. 4 ಕಡೆ ಗಿಡ ಇತ್ತು, ಹುಳು ಇರಲಿಲ್ಲ. ಉಳಿದ 7 ಕಡೆ ಗಿಡವೇ ಇಲ್ಲ. ಅದರಲ್ಲಿ 5 ಬದುಗಳು ಬೆಂಕಿ ತಗುಲಿದಂತೆ ಹಳದಿಯಾಗಿದ್ದವು, ಕಳೆನಾಶಕ ಹೊಡೆದಿದ್ದರು. ನೀಲಿಯಲ್ಲಿ ಒಂದೇ ಕಡೆ ಹುಳು ಸಿಕ್ಕಿತು, ಕಪ್ಪತಗುಡ್ಡದ ಬುಡದಲ್ಲಿ, ಮುಳ್ಳುಕಂಟಿಗೆ ಹಬ್ಬಿದ್ದ ಈಶ್ವರಿ ಬಳ್ಳಿಯ ಮೇಲೆ. ಈಶ್ವರಿ ಬಳ್ಳಿಯೂ ಅರಿಸ್ಟೊಲೋಕಿಯಾನೇ. ನನ್ನ 23 ಜಾಗಗಳಲ್ಲಿ ಅದು ಒಂದೂ ಇರಲಿಲ್ಲ, ಹಾಗಾಗಿ ತಂತ್ರಾಂಶಕ್ಕೆ ಗುಡ್ಡದ ವಿಷಯ ಗೊತ್ತೇ ಆಗಲಿಲ್ಲ. ನೀಲಿ ಅಂದರೆ ಇಲ್ಲ ಅಂತ ಅಲ್ಲ, ನಾವು ಅಂಥ ಜಾಗ ತೋರಿಸಿಲ್ಲ ಅಂತಲೂ ಇರಬಹುದು. ಒಂದು ಜಾಗ ನೀಲಿ ಬಂತು ಅಂತ ಅಲ್ಲಿ ಕಲ್ಲುಗಣಿಗೆ ಒಪ್ಪಿಗೆ ಕೊಡುವುದಕ್ಕೆ ಯಾರಾದರೂ ಈ ನಕ್ಷೆ ಬಳಸಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಗಿಡ ಇದ್ದೂ ಹುಳು ಇಲ್ಲದ ಆ 4 ಜಾಗ ನನ್ನನ್ನು ಈಗಲೂ ಕಾಡುತ್ತಿವೆ. ಇಂಗ್ಲೆಂಡಿನಲ್ಲಿ ಲಾರ್ಜ್ ಬ್ಲೂ ಅನ್ನುವ ಚಿಟ್ಟೆ ಇತ್ತು. ಚಿಟ್ಟೆ ಹಿಡಿಯುವವರನ್ನು ತಡೆಯಲಿಕ್ಕೆ ಅದರ ಗಿಡ ಇದ್ದ ಜಾಗಕ್ಕೆ ಬೇಲಿ ಹಾಕಿದರು, ಅದರಿಂದ ದನಕುರಿ ಮೇಯುವುದೂ ನಿಂತಿತು. ಹುಲ್ಲು ಎತ್ತರ ಬೆಳೆಯಿತು, ನೆಲ ತಂಪಾಯಿತು, ಆ ಚಿಟ್ಟೆಯ ಹುಳು ನಂಬಿಕೊಂಡಿದ್ದ ಒಂದು ಜಾತಿಯ ಇರುವೆ ಅಲ್ಲಿಂದ ಹೋಯಿತು. 1979ರ ಹೊತ್ತಿಗೆ ಬ್ರಿಟನ್ನಿನಲ್ಲಿ ಆ ಚಿಟ್ಟೆಯೇ ಇಲ್ಲವಾಯಿತು. ಆಮೇಲೆ 1980ರ ದಶಕದಲ್ಲಿ ಸ್ವೀಡನ್ನಿನಿಂದ ತಂದು ಬಿಟ್ಟು, ಹುಲ್ಲು ಮೇಯಿಸಿ ಗಿಡ್ಡ ಇಟ್ಟು ಮತ್ತೆ ಉಳಿಸಿಕೊಂಡರು. ಗಿಡ ಇದ್ದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಆ 4 ಜಾಗಗಳಲ್ಲಿ ಏನು ಕಡಿಮೆ ಇದೆ ಅನ್ನುವುದು ನನ್ನ ಪದರಗಳಲ್ಲಿ ಎಲ್ಲೂ ಇಲ್ಲ.

ಕ್ರಿಮ್ಸನ್ ರೋಸ್ ದೇಶದಿಂದಲೇ ಅಳಿದು ಹೋಗುವ ಸ್ಥಿತಿಯಲ್ಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿಗೆ ಸೇರಿಸಿ ಅದಕ್ಕೆ ಹುಲಿ, ಆನೆಯ ಸಾಲಿನ ರಕ್ಷಣೆ ಕೊಟ್ಟಿದ್ದರು. ಆದರೆ ಬದು ಎಲ್ಲವೂ ಎಣ್ಣಿಗೆ ಹೋದರೆ ನಮ್ಮ ಎರೆ ಸೀಮೆಯಿಂದ ಅದು ಹೋಗುತ್ತದೆ. ಯಾವ ಕಾಯ್ದೆಯೂ ಬದುವಿನ ಗಿಡವನ್ನು ಕಾಯುವುದಿಲ್ಲ.

ಹಾಗಾದರೆ ಮ್ಯಾಕ್ಸ್‌ಎಂಟ್ ಬಳಸಬೇಕಾ? ಖಂಡಿತ ಬಳಸಿ. ಐದಕ್ಕೆ ನಾಲ್ಕು ಅಂಕ. ಹೊಸಬರಿಗೆ ಮೊದಲ ವಾರ ಕಷ್ಟ, ಎಲ್ಲವೂ ಇಂಗ್ಲಿಷಿನಲ್ಲಿದೆ, ಕೊಟ್ಟ ಚುಕ್ಕೆ ತಪ್ಪಿದ್ದರೆ ಎಚ್ಚರಿಸುವುದಿಲ್ಲ. ಅದಕ್ಕೆ ಒಂದು ಅಂಕ ಕಡಿಮೆ. ಆದರೆ 20 ಜಾಗಗಳಲ್ಲಿ 9ರಲ್ಲಿ ಹುಳು! ನಾನಾಗಿ ಹುಡುಕಿದ್ದರೆ ಇನ್ನೂ ಐದು ವರ್ಷ ಬೇಕಾಗುತ್ತಿತ್ತು. ಚುಕ್ಕೆ ಇರುವ ನಕ್ಷೆಯನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ, ನಾನೂ ಹಾಕುತ್ತಿಲ್ಲ.

ಹಾವೇರಿ ಜಿಲ್ಲೆಯವರಲ್ಲಿ ಒಂದು ವಿನಂತಿ. ಸವಣೂರು, ಶಿಗ್ಗಾವಿ ಸುತ್ತ ನನ್ನ ಹತ್ತಿರ ಒಂದು ಚುಕ್ಕೆಯೂ ಇಲ್ಲ, ಆದರೂ ನಕ್ಷೆಯಲ್ಲಿ ಅಲ್ಲಿನ ಹಳ್ಳಗಳ ಗುಂಟ ಕೆಂಪು ಬಂದಿದೆ. ಹಸ್ತ ಮಳೆ ಮುಗಿದ ಮೇಲೆ ಯಾರಾದರೂ ಬದುಗುಂಟ ನಡೆದು ಆ ಬೂದು ಹಸಿರು ಎಲೆಯನ್ನು ಮಗುಚಿ ನೋಡುತ್ತೀರಾ? ಹುಳು ಸಿಕ್ಕರೂ ತಿಳಿಸಿ, ಸಿಗದಿದ್ದರೂ ತಿಳಿಸಿ.